ಕೋಳಿ ಕಾವಿಗೆ ಕುಳಿತ 21 ದಿನ: ಮೊಟ್ಟೆಯ ಒಳಗನ್ನು ಅರಿತು ಮರಿ ಮಾಡಿಸುವ ಸಮಗ್ರ ಮಾರ್ಗದರ್ಶಿ

ಉಡುಪಿ ಜಿಲ್ಲೆಯ ನಮ್ಮ ಪೆರ್ಡೂರಿನ ಮನೆಯ ಹಟ್ಟಿಯಲ್ಲಿ, ಬೈಹುಲ್ಲಿನ ಅಟ್ಟದ ಕೆಳಗಿನ ಮೂಲೆಯಲ್ಲಿ ಕೆಂಪು ಹೇಂಟೆಯೊಂದು ಕಾವಿಗೆ ಕುಳಿತು ಇಂದಿಗೆ 9 ದಿನ. ಬುಟ್ಟಿಯಲ್ಲಿ 11 ಮೊಟ್ಟೆಗಳಿವೆ. ಮೊನ್ನೆ ರಾತ್ರಿ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಾಗ 9ರಲ್ಲಿ ಜೀವವಿತ್ತು. ಎರಡು ಬರಡು. ಆ ಎರಡನ್ನು ತೆಗೆಯಬೇಕೆಂದು ತಿಳಿಯಲು ನನಗೆ ಹಲವು ವರ್ಷಗಳೇ ಬೇಕಾದವು. ಮೊದಲೆಲ್ಲ 12 ಮೊಟ್ಟೆ ಇಟ್ಟು 4 ಮರಿ ಬಂದರೆ ಗುಡುಗಿನ ಮೇಲೋ, ಯಾರದೋ ಕಣ್ಣಿನ ಮೇಲೋ ಹೊರೆ ಹೊರಿಸಿ ಸುಮ್ಮನಾಗುತ್ತಿದ್ದೆವು.

ಊರಿನ ಕೋಳಿ ಸಾಕುವವರಿಗೆ ನಾನು ಹೇಳುವುದು ಇಷ್ಟು: ಮರಿ ಕೈತಪ್ಪುವುದು ಹೆಚ್ಚಾಗಿ ಕಾವಿಗೆ ಕೂರಿಸುವ ಮೊದಲು ಅಥವಾ ಕೊನೆಯ ಮೂರು ದಿನಗಳಲ್ಲಿ. ನಡುವಿನ ಎರಡು ವಾರ ಹೇಂಟೆ ತಾನೇ ನೋಡಿಕೊಳ್ಳುತ್ತದೆ. ಯಾವ ದಿನ ಮೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂದು ತಿಳಿದರೆ, ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ತಾನಾಗಿ ತಿಳಿಯುತ್ತದೆ. ಅದಕ್ಕಾಗಿ ಹೇಂಟೆಯ ಹೊಟ್ಟೆಯೊಳಗಿನಿಂದಲೇ ಆರಂಭಿಸೋಣ.

ಹೇಂಟೆಯ ಹೊಟ್ಟೆಯಲ್ಲಿ ಮೊಟ್ಟೆ ತಯಾರಾಗುವ ಬಗೆ

ಮೊಟ್ಟೆಯಿಡುವ ಊರಿನ ಕೋಳಿಯನ್ನು ಸಾರಿಗೆಂದು ಹಸನು ಮಾಡಿದವರೆಲ್ಲ ಇದನ್ನು ಕಂಡಿರುತ್ತಾರೆ. ಬೆನ್ನುಮೂಳೆಗೆ ಅಂಟಿಕೊಂಡು ಹಳದಿ ಗೋಲಿಗಳ ಗೊಂಚಲು ಇರುತ್ತದೆ. ಒಂದು ನಿಂಬೆಹಣ್ಣಿನಷ್ಟು, ಮತ್ತೊಂದು ನೆಲ್ಲಿಕಾಯಿಯಷ್ಟು, ಮುಂದಿನವು ಕಡಲೆಯಷ್ಟು, ಸಾಸಿವೆಯಷ್ಟು. ಅದೇ ಅಂಡಾಶಯ. ನಾಳೆಯ ಮೊಟ್ಟೆ, ನಾಡಿದ್ದಿನ ಮೊಟ್ಟೆ, ಮುಂದಿನ ವಾರದ ಮೊಟ್ಟೆ ಎಲ್ಲವೂ ಅಲ್ಲಿ ಸಾಲಾಗಿ ಕಾಯುತ್ತಿವೆ. ಗಮನಿಸಿ ನೋಡಿದರೆ ಗೊಂಚಲು ಎಡಗಡೆಗೆ ಮಾತ್ರ ಇದೆ. ಭ್ರೂಣದಲ್ಲಿ ಎರಡೂ ಕಡೆ ಅಂಡಾಶಯ ಹುಟ್ಟಿದರೂ ಬಲಗಡೆಯದು ಬೆಳೆಯದೆ ಉಳಿದುಬಿಡುತ್ತದೆ. ಹಸು, ಆಡು, ಮನುಷ್ಯರಲ್ಲಿ ಎರಡೂ ಬದಿಯವು ಕೆಲಸ ಮಾಡುತ್ತವೆ.

ಬಲಿತ ಹಳದಿ ಗೊಂಚಲಿನಿಂದ ಕಳಚಿ, ಆಲಿಕೆಯಂತೆ ಬಾಯಿ ತೆರೆದ ಅಂಡನಾಳಕ್ಕೆ ಬೀಳುತ್ತದೆ. ಆಲಿಕೆಯಲ್ಲಿ ಅದು ಇರುವುದು ಕಾಲು ಗಂಟೆಯಷ್ಟು ಹೊತ್ತು. ಹುಂಜದ ವೀರ್ಯಾಣು ಸೇರಬೇಕಾದದ್ದು ಆ ಅವಧಿಯಲ್ಲೇ. ಅದರ ಮುಂದೆ ಸುಮಾರು 3 ಗಂಟೆ ಬಿಳಿಭಾಗ ಸುತ್ತಿಕೊಳ್ಳುತ್ತದೆ. ಆಮೇಲೆ ಒಂದು ಗಂಟೆಗಿಂತ ತುಸು ಹೆಚ್ಚು ಹೊತ್ತಿನಲ್ಲಿ ಎರಡು ತೆಳುಪೊರೆಗಳು ಬರುತ್ತವೆ. ಬೇಯಿಸಿದ ಮೊಟ್ಟೆ ಸುಲಿಯುವಾಗ ಉಗುರಿಗೆ ಸಿಕ್ಕಿಕೊಳ್ಳುತ್ತದಲ್ಲ, ಅದೇ ಪೊರೆ. ಉಳಿದ ಸುಮಾರು 20 ಗಂಟೆ ಬರೀ ಚಿಪ್ಪು ಕಟ್ಟಲು. ಒಟ್ಟು 25–26 ಗಂಟೆ ಬೇಕಾಗುವುದರಿಂದಲೇ ಹೇಂಟೆ ದಿನದಿನವೂ ಸ್ವಲ್ಪ ತಡವಾಗಿ ಮೊಟ್ಟೆಯಿಡುತ್ತಾ ಹೋಗಿ ಒಂದು ದಿನ ಬಿಡುವು ತೆಗೆದುಕೊಳ್ಳುತ್ತದೆ.

ಚಿಪ್ಪು ಬಹುಪಾಲು ಸುಣ್ಣವೇ. ರಾತ್ರಿ ಹೊತ್ತು ಹೊಟ್ಟೆಯಲ್ಲಿ ಸುಣ್ಣ ಸಾಲದಿದ್ದರೆ ಹೇಂಟೆ ತನ್ನ ಮೂಳೆಯಿಂದ ಅದನ್ನು ಕರಗಿಸಿ ಕೊಡುತ್ತದೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ಪರಿಹಾರ ಅಡುಗೆಮನೆಯಲ್ಲೇ ಇದೆ. ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡಿದ ದಿನ ಚಿಪ್ಪುಗಳನ್ನು ಎಸೆಯಬೇಡಿ. ತೊಳೆದು ಒಣಗಿಸಿ, ಕುಟ್ಟಿ, ಒಂದು ಗೆರಟೆಯಲ್ಲಿ ಗೂಡಿನ ಪಕ್ಕ ಇಡಿ. ಬೇಕಾದಷ್ಟನ್ನು ಹೇಂಟೆ ಹೆಕ್ಕಿಕೊಳ್ಳುತ್ತದೆ. ತೆಳುಚಿಪ್ಪಿನ ಮೊಟ್ಟೆ ಕಾವಿನಲ್ಲಿ ಒಡೆದರೆ ಬುಟ್ಟಿಯ ಉಳಿದ ಮೊಟ್ಟೆಗಳೂ ಕೊಳೆಯುತ್ತವೆ.

ಹುಂಜ ಎಷ್ಟು ದಿನ ಜೊತೆಗಿರಬೇಕು

8–10 ಹೇಂಟೆಗಳಿಗೆ ಒಂದು ಹುಂಜ ಸಾಕು. ಹೋರಿ, ನಾಯಿಗಳಂತೆ ಹುಂಜದ ವೃಷಣಗಳು ಹೊರಗೆ ಇರುವುದಿಲ್ಲ. ಮೂತ್ರಪಿಂಡದ ಬಳಿ, ದೇಹದ 41 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೇ ಕೆಲಸ ಮಾಡುತ್ತವೆ. ಕೂಡುವುದೆಂದರೆ ಎರಡರ ಮಲದ್ವಾರಗಳು ಒಂದು ಕ್ಷಣ ತಾಗುವುದು ಅಷ್ಟೇ. ಆದರೆ ಆ ಒಂದು ಕ್ಷಣದ ಫಲ ಎರಡು ವಾರ ಉಳಿಯುತ್ತದೆ. ಹೇಂಟೆಯ ಅಂಡನಾಳದಲ್ಲಿ ವೀರ್ಯಾಣುಗಳನ್ನು ಕಾಪಿಡುವ ಸಣ್ಣ ಸಣ್ಣ ಕೊಳವೆಗಳಿವೆ. ಹಾಗಾಗಿ ಹುಂಜವನ್ನು ಮಾರಿದ ವಾರದ ನಂತರ ಇಟ್ಟ ಮೊಟ್ಟೆಯೂ ಮರಿಯಾಗಬಹುದು. ಇದರ ಇನ್ನೊಂದು ಮುಖವೂ ಇದೆ. ಹೊಸ ಹುಂಜವನ್ನು ತಂದು ಅದರದ್ದೇ ಮರಿ ಬೇಕೆಂದರೆ, ಹಳೆಯದನ್ನು ದೂರ ಮಾಡಿ ಕನಿಷ್ಠ ಮೂರು ವಾರ ಕಾಯಬೇಕು.

ಚೂಪು ಮೊಟ್ಟೆಯಲ್ಲಿ ಹುಂಜ, ಗುಂಡು ಮೊಟ್ಟೆಯಲ್ಲಿ ಹೇಂಟೆ ಎಂದು ನಂಬಿ ಮೊಟ್ಟೆ ಆರಿಸುವವರು ಇಂದಿಗೂ ಇದ್ದಾರೆ. ಮೊಟ್ಟೆಯ ಆಕಾರ ನಾಳದ ಒತ್ತಡದಿಂದ ಬರುವುದು. ಮರಿಯ ಲಿಂಗಕ್ಕೂ ಅದಕ್ಕೂ ಸಂಬಂಧವಿಲ್ಲ. ಹಕ್ಕಿಗಳಲ್ಲಿ ಗಂಡೋ ಹೆಣ್ಣೋ ಎಂಬುದು ತಾಯಿಯ ಅಂಡದಿಂದ ನಿರ್ಧಾರವಾಗುತ್ತದೆ, ಸಸ್ತನಿಗಳಲ್ಲಿ ತಂದೆಯಿಂದ.

ಮೊಟ್ಟೆ ಆರಿಸುವುದು, ಕಾಪಿಡುವುದು

ಮೊಟ್ಟೆ ಹೊರಬರುವ ಹೊತ್ತಿಗೇ ಭ್ರೂಣಕ್ಕೆ ಒಂದು ದಿನದ ವಯಸ್ಸಾಗಿರುತ್ತದೆ. ತಾಯಿಯ ಬಿಸಿಯಲ್ಲಿ ಅದು ಸಾವಿರಾರು ಜೀವಕೋಶಗಳಾಗಿ ಒಡೆದಿರುತ್ತದೆ. ಹೊರಗೆ ತಣ್ಣಗಾದಾಗ ನಿದ್ದೆ ಹೋಗುತ್ತದೆ, ಮತ್ತೆ ಕಾವು ಸಿಕ್ಕಾಗ ಏಳುತ್ತದೆ. ನಿದ್ದೆ ಗಟ್ಟಿಯಾಗಿರಲು 20 ಡಿಗ್ರಿಗಿಂತ ಕಡಿಮೆ ತಂಪು ಬೇಕು. ಒಳ್ಳೆಯದೆಂದರೆ 13ರಿಂದ 18 ಡಿಗ್ರಿ. ಉಡುಪಿಯ ಸೆಕೆಯಲ್ಲಿ ಅದು ಎಲ್ಲಿ ಸಿಗಬೇಕು? ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯ ಬಿಸಿಯೇ 30 ದಾಟುತ್ತದೆ. ಭ್ರೂಣ ಅರೆನಿದ್ದೆಯಲ್ಲಿ ತುಸು ಬೆಳೆದು, ನಿಂತು, ಸೊರಗಿ ಸಾಯುತ್ತದೆ. ಫ್ರಿಜ್ಜಿನಲ್ಲಿ ಇಟ್ಟರೆ ಅಲ್ಲಿನ 4 ಡಿಗ್ರಿ ಚಳಿ ವಿಪರೀತ.

ನಾವು ಮಾಡುವುದು ಹೀಗೆ. ಮಣ್ಣಿನ ಮಡಕೆಯಲ್ಲಿ ಅರ್ಧದಷ್ಟು ಮರಳು ತುಂಬಿ, ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿ ನೆಲದ ಮೇಲಿಟ್ಟು, ಮಡಕೆಯ ಹೊರಮೈಗೆ ಒದ್ದೆಬಟ್ಟೆ ಸುತ್ತಿ, ಮೊಟ್ಟೆಯ ಅಗಲ ತುದಿ ಮೇಲೆ ಬರುವಂತೆ ಮರಳಿನಲ್ಲಿ ನಿಲ್ಲಿಸುವುದು. ಮೊಟ್ಟೆಗೆ ನೀರು ತಾಗಬಾರದು. ಸೆಕೆಗಾಲದಲ್ಲಿ 4 ದಿನದೊಳಗೆ, ಉಳಿದ ಕಾಲದಲ್ಲಿ ಒಂದು ವಾರದೊಳಗೆ ಕಾವಿಗೆ ಇಟ್ಟುಬಿಡಿ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ದಿನಗಳೇ ನಮ್ಮಲ್ಲಿ ಮರಿ ಮಾಡಿಸಲು ಒಳ್ಳೆಯ ಕಾಲ.

ತೊಳೆಯಬೇಡಿ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ, ಅವುಗಳನ್ನು ಹೇಂಟೆ ತೆಳುವಾದ ಒಂದು ಲೇಪದಿಂದ ಮುಚ್ಚಿಕೊಟ್ಟಿರುತ್ತದೆ. ತೊಳೆದರೆ ಲೇಪ ಹೋಗಿ ರೋಗಾಣು ಒಳಗೆ ಇಳಿಯುತ್ತದೆ. ಕೊಳಕಾದ ಮೊಟ್ಟೆಯನ್ನು ಆಮ್ಲೆಟ್ಟಿಗೆ ಇಟ್ಟುಕೊಳ್ಳಿ. ತೀರಾ ದೊಡ್ಡದು, ತೀರಾ ಸಣ್ಣದು, ಸೊಟ್ಟಗಿರುವುದು, ಬಿರುಕು ಬಿಟ್ಟದ್ದು ಬೇಡ. ಬಿರುಕು ಕಣ್ಣಿಗೆ ಕಾಣದಿದ್ದರೆ ಎರಡು ಮೊಟ್ಟೆಗಳನ್ನು ಮೆಲ್ಲಗೆ ತಾಗಿಸಿ. ಗಟ್ಟಿಯಾದದ್ದು ಟಿಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂದವಾಗಿ ಸದ್ದು ಮಾಡುತ್ತದೆ.

ಫಲಿತ ಮೊಟ್ಟೆಯೇ ಎಂದು ಮೊದಲೇ ತಿಳಿಯಲು ಒಂದನ್ನು ಒಡೆದು ನೋಡುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಹಳದಿಯ ಮೇಲೆ ಬಿಳಿ ಚುಕ್ಕೆ ಇರುತ್ತದೆ. ಬರಡಾದರೆ ಅದು ಅಂಚು ಹರಿದ ಸಣ್ಣ ಚುಕ್ಕೆ. ಫಲಿತವಾದರೆ 3–4 ಮಿಲಿಮೀಟರ್ ಅಗಲದ ಬಳೆಯಂಥ ವೃತ್ತ, ನಡುವೆ ತಿಳಿಯಾದ ಜಾಗ. ಹಿಂದಿನ ದಿನ ಅಡುಗೆಗೆ ಒಡೆದ ಮೊಟ್ಟೆಗಳಲ್ಲಿ ಇದನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ನಿಮ್ಮ ಹುಂಜ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದು ತಿಳಿಯುತ್ತದೆ.

ಹೇಂಟೆ ನಿಜವಾಗಿ ಕಾವಿಗೆ ಕುಳಿತಿದೆಯೇ?

ಹಗಲು ಗೂಡಿನಲ್ಲಿ ಕುಳಿತ ಮಾತ್ರಕ್ಕೆ ನಂಬಬೇಡಿ. ರಾತ್ರಿಯೂ ಅಟ್ಟ ಏರದೆ ಗೂಡಿನಲ್ಲೇ ಉಳಿದಿದೆಯೇ, ಕೈ ಚಾಚಿದಾಗ ಪುಕ್ಕ ಉಬ್ಬಿಸಿ ಕುಟುಕುತ್ತದೆಯೇ, ದಿನಕ್ಕೊಮ್ಮೆ ಮಾತ್ರ ಎದ್ದು ದೊಡ್ಡ, ನಾರುವ ಹಿಕ್ಕೆ ಹಾಕುತ್ತದೆಯೇ ಎಂದು ನೋಡಿ. ಎತ್ತಿ ಹೊಟ್ಟೆಯಡಿ ಸವರಿದರೆ ಪುಕ್ಕ ಉದುರಿದ, ಬಿಸಿಯಾದ ಬರಿಯ ಚರ್ಮ ಕೈಗೆ ಸಿಗುತ್ತದೆ. ಮೊಟ್ಟೆಗೆ ನೇರವಾಗಿ ಬಿಸಿ ತಾಗಲೆಂದು ಅಲ್ಲಿ ರಕ್ತನಾಳಗಳು ಉಬ್ಬಿರುತ್ತವೆ. ಈ ಬದಲಾವಣೆಯ ಹಿಂದೆ ಮುಖ್ಯವಾಗಿ ಕೆಲಸ ಮಾಡುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು. ಅದೇ ಹಾರ್ಮೋನು ಹಟ್ಟಿಯ ಹಸುವಿನ ಕೆಚ್ಚಲಲ್ಲಿ ಹಾಲು ತರಿಸುತ್ತದೆ.

ಎರಡು ದಿನ ಒಂದೆರಡು ಬೇಡದ ಮೊಟ್ಟೆಗಳನ್ನಿಟ್ಟು ಪರೀಕ್ಷಿಸಿ. ಅಲುಗದೆ ಕುಳಿತರೆ ಮಾತ್ರ ಒಳ್ಳೆಯ ಮೊಟ್ಟೆ ಕೊಡಿ. ಬೆಂಗಳೂರಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂಥ ತಳಿಗಳು ಕಾವಿಗೆ ಕೂರುವುದು ಅಪರೂಪ. ಅವುಗಳ ಮೊಟ್ಟೆಯನ್ನು ಊರಿನ ಹೇಂಟೆಯ ಕೆಳಗಿಡಬೇಕು.

ಗೂಡಿಗೆ ಅಗಲ ಬಾಯಿಯ ಬೆತ್ತದ ಬುಟ್ಟಿ ಸಾಕು. ತಳಕ್ಕೆ ನಾಲ್ಕು ಬೆರಳು ಮರಳು ಅಥವಾ ಬೂದಿ, ಮೇಲೆ ಒಣ ಬೈಹುಲ್ಲು, ನಡುವೆ ತಟ್ಟೆಯಷ್ಟು ತಗ್ಗು. ತಗ್ಗು ಇಲ್ಲದಿದ್ದರೆ ಮೊಟ್ಟೆಗಳು ಬದಿಗೆ ಉರುಳಿ ತಣ್ಣಗಾಗುತ್ತವೆ. ಹುಲ್ಲಿನ ನಡುವೆ ಲಕ್ಕಿ ಸೊಪ್ಪು ಅಥವಾ ಕಹಿಬೇವಿನ ಎಲೆ ಸೇರಿಸಿ, ಏಕೆಂದರೆ ಕೋಳಿಹೇನು ಹೆಚ್ಚಾದರೆ ಎಷ್ಟೇ ಒಳ್ಳೆಯ ತಾಯಿಯೂ ಗೂಡು ಬಿಟ್ಟು ಓಡುತ್ತದೆ. ಬುಟ್ಟಿಯ ಸುತ್ತ ಕೇರೆ ಹಾವು, ಮುಂಗುಸಿ, ಉಡ ನುಗ್ಗದಂತೆ ಸಣ್ಣ ಕಣ್ಣಿನ ಜಾಲರಿ ಇರಲಿ. ದೊಡ್ಡ ಕಣ್ಣಿನ ಜಾಲರಿ ಹಾವನ್ನು ತಡೆಯುವುದಿಲ್ಲ.

ಮೊಟ್ಟೆಗಳ ಮೇಲೆ ಪೆನ್ಸಿಲಿನಿಂದ ತಾರೀಕು ಬರೆಯಿರಿ. ಮಾರ್ಕರ್ ಬೇಡ, ಅದರ ಶಾಯಿ ರಂಧ್ರಗಳಲ್ಲಿ ಇಳಿಯುತ್ತದೆ. ಗುರುತಿಲ್ಲದಿದ್ದರೆ ಬೇರೆ ಹೇಂಟೆ ಬಂದು ಇಟ್ಟುಹೋದ ಮೊಟ್ಟೆ ಯಾವುದೆಂದು ತಿಳಿಯುವುದಿಲ್ಲ. ಕತ್ತಲಾದ ಮೇಲೆ, ಎಲ್ಲ ಮೊಟ್ಟೆಗಳನ್ನೂ ಒಟ್ಟಿಗೆ, ಹೇಂಟೆಯ ಮೈ ಮುಚ್ಚುವಷ್ಟೇ ಇಡಿ. ಊರಿನ ಕೋಳಿಗೆ 10ರಿಂದ 12. ಒಂದೇ ರಾತ್ರಿ ಇಟ್ಟರೆ ಎಲ್ಲವೂ ಒಂದೇ ದಿನ ಒಡೆಯುತ್ತವೆ.

ಮೊದಲ ವಾರ, ಎರಡನೆಯ ವಾರ

ಎರಡನೆಯ ದಿನ ಹೃದಯ ಬಡಿಯಲು ತೊಡಗುತ್ತದೆ. ಸುಮಾರು 2,300 ವರ್ಷಗಳ ಹಿಂದೆ ಅರಿಸ್ಟಾಟಲ್ ಕಾವಿನ ಮೊಟ್ಟೆ ಒಡೆದು, ಬಿಳಿಭಾಗದ ನಡುವೆ ಮಿಡಿಯುವ ಕೆಂಪು ಚುಕ್ಕೆಯನ್ನು ಬರಿಗಣ್ಣಿನಲ್ಲಿ ನೋಡಿ ಬರೆದಿಟ್ಟಿದ್ದಾನೆ. ನಾವು ಒಡೆಯದೆಯೇ ನೋಡಬಹುದು. ಏಳನೆಯ ರಾತ್ರಿ, ದೀಪ ಆರಿಸಿ, ಹತ್ತು ಪೈಸೆ ನಾಣ್ಯದಷ್ಟು ರಂಧ್ರ ಮಾಡಿದ ರಟ್ಟನ್ನು ಮೊಬೈಲ್ ಟಾರ್ಚಿನ ಮೇಲಿಟ್ಟು, ಮೊಟ್ಟೆಯ ಅಗಲ ತುದಿಯನ್ನು ಅದರ ಮೇಲೆ ಹಿಡಿಯಿರಿ. ಮೊಟ್ಟೆಯೆಲ್ಲ ಕಿತ್ತಳೆ ಬಣ್ಣಕ್ಕೆ ಬೆಳಗುತ್ತದೆ. ಜೀವವಿದ್ದರೆ ಜೇಡ ಕಾಲು ಚಾಚಿದಂತೆ ಕೆಂಪು ನರಗಳು (ರಕ್ತನಾಳಗಳು), ನಡುವೆ ಕಪ್ಪು ಚುಕ್ಕೆ. ಆ ಚುಕ್ಕೆ ಮರಿಯ ಕಣ್ಣು. ಉಸಿರು ಬಿಗಿಹಿಡಿದು ಒಂದು ನಿಮಿಷ ಕಾದರೆ ಅದು ಓಲಾಡುವುದೂ ಕಾಣುತ್ತದೆ.

ಏನೂ ಇಲ್ಲದೆ ತಿಳಿಯಾಗಿದ್ದು ಹಳದಿಯ ನೆರಳು ಮಾತ್ರ ತೇಲುತ್ತಿದ್ದರೆ ಬರಡು. ನರಗಳಿಲ್ಲದೆ ಒಂದು ಕೆಂಪು ಉಂಗುರ ಮಾತ್ರ ಕಂಡರೆ ಭ್ರೂಣ ಆರಂಭದಲ್ಲೇ ಸತ್ತಿದೆ. ಎರಡನ್ನೂ ತೆಗೆದುಬಿಡಿ. ಕಂದು ಚಿಪ್ಪಿನ ಮೊಟ್ಟೆಯಲ್ಲಿ ಅನುಮಾನ ಬಂದರೆ ತೆಗೆಯದೆ 10ನೆಯ ರಾತ್ರಿ ಮತ್ತೊಮ್ಮೆ ನೋಡಿ.

ಆ ನರಗಳು ಏನು ಮಾಡುತ್ತಿವೆ ಎಂಬುದೇ ನನಗೆ ಎಲ್ಲಕ್ಕಿಂತ ದೊಡ್ಡ ವಿಸ್ಮಯ. ಮೊಟ್ಟೆಯೊಳಗೆ ನಾಲ್ಕು ಪೊರೆಗಳು ಬೆಳೆಯುತ್ತವೆ. ಒಂದು ಹಳದಿಯನ್ನು ಸುತ್ತಿ ಆಹಾರ ಹೀರುತ್ತದೆ. ಇನ್ನೊಂದು ಮರಿಯ ಸುತ್ತ ನೀರಿನ ಚೀಲವಾಗುತ್ತದೆ. ಮೂರನೆಯದು ಮರಿಯ ಮೂತ್ರದ ಕಸವನ್ನು ಕೂಡಿಡುತ್ತದೆ. ನಾಲ್ಕನೆಯದು ಎಲ್ಲವನ್ನೂ ಹೊರಗಿನಿಂದ ಆವರಿಸಿ, ಮೂರನೆಯದರ ಜೊತೆ ಬೆಸೆದು, ಚಿಪ್ಪಿನ ಒಳಮೈಗೆ ಅಂಟಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ಇವೇ ನಾಲ್ಕು ಪೊರೆಗಳು ಹಸುವಿನ ಬಸಿರಿನಲ್ಲೂ ಇವೆ. ಅಲ್ಲಿ ಕೊನೆಯ ಎರಡು ಸೇರಿ ಗರ್ಭಕೋಶಕ್ಕೆ ಅಂಟಿಕೊಂಡು ಮಾಸು ಆಗುತ್ತವೆ. ಕರು ಹಾಕಿದ ಮೇಲೆ ಹಸುವಿನಿಂದ ಬೀಳುವ ಕಸವೂ, ಮರಿ ಹೊರಬಿದ್ದ ಚಿಪ್ಪಿಗೆ ಅಂಟಿದ ಒಣಪೊರೆಯೂ ಒಂದೇ ಮೂಲದವು. ಹಸು ಅದನ್ನು ಸುಮಾರು 280 ದಿನ ಒಳಗೇ ಹೊತ್ತಿರುತ್ತದೆ. ಹಾರಬೇಕಾದ ಜೀವಿಗೆ ಅಷ್ಟು ಭಾರ ಹೊರುವುದು ಕಷ್ಟ, ಹಕ್ಕಿ ಬುತ್ತಿ ಕಟ್ಟಿ ಹೊರಗೆ ಇಟ್ಟುಬಿಡುತ್ತದೆ.

ಈ ಎರಡು ವಾರ ನಿಮ್ಮ ಕೆಲಸ ಸ್ವಲ್ಪವೇ. ದಿನಕ್ಕೊಮ್ಮೆ ಹೇಂಟೆ 15–20 ನಿಮಿಷ ಎದ್ದು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ, ಮಣ್ಣಿನಲ್ಲಿ ಹೊರಳಾಡಿ ಬರಬೇಕು. ಏಳದಿದ್ದರೆ ನೀವೇ ಮೆಲ್ಲಗೆ ಎತ್ತಿ ಹೊರಗೆ ಬಿಡಿ. ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿರಬಹುದು, ನೋಡಿಕೊಂಡು ಎತ್ತಿ. ಅಕ್ಕಿ, ಜೋಳದಂಥ ಗಟ್ಟಿ ಕಾಳು ಕೊಡಿ. ಗಂಜಿ ಕೊಟ್ಟರೆ ಹಿಕ್ಕೆ ನೀರಾಗಿ ಗೂಡು ಕೊಳಕಾಗುತ್ತದೆ. ಮೊಟ್ಟೆಗಳನ್ನು ತಿರುಗಿಸುವ ಕೆಲಸ ಅದರದ್ದೇ. ತಿರುಗಿಸದಿದ್ದರೆ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆಂದು ಅದಕ್ಕೆ ಯಾರೂ ಕಲಿಸಿಲ್ಲ.

ಇನ್‌ಕ್ಯುಬೇಟರ್ ಬಳಸುವವರಿಗೆ: ಫ್ಯಾನ್ ಇರುವ ಯಂತ್ರದಲ್ಲಿ 37.5 ಡಿಗ್ರಿ, ದಿನಕ್ಕೆ ಕನಿಷ್ಠ ಮೂರು ಸಲ ತಿರುಗಿಸುವುದು, 18ನೆಯ ದಿನ ತಿರುಗಿಸುವುದನ್ನು ನಿಲ್ಲಿಸುವುದು. ತೇವಾಂಶ ಮೊದಲು ಶೇಕಡಾ 50–55, ಕೊನೆಯ ಮೂರು ದಿನ ಶೇಕಡಾ 65–70. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ನಮ್ಮ ಗಾಳಿಯೇ ಒದ್ದೆ. ಆಗ ಯಂತ್ರದ ತಟ್ಟೆಗೆ ನೀರು ಹಾಕುವ ಮೊದಲು ತೇವದ ಮಾಪಕ ನೋಡಿ. ಮೊಟ್ಟೆ 18 ದಿನಗಳಲ್ಲಿ ತನ್ನ ತೂಕದ 11–13 ಶೇಕಡಾ ನೀರನ್ನು ಕಳೆದುಕೊಳ್ಳಲೇಬೇಕು. ಹಾಗೆ ಕಳೆದುಕೊಂಡ ಜಾಗದಲ್ಲೇ ಅಗಲ ತುದಿಯ ಗಾಳಿಕೋಣೆ ದೊಡ್ಡದಾಗುವುದು. ಅದು ಚಿಕ್ಕದಾಗಿ ಉಳಿದರೆ ಮರಿ ಉಸಿರಾಡಲು ಜಾಗವಿಲ್ಲದೆ ನೀರಿನಲ್ಲೇ ಸಾಯುತ್ತದೆ. ವಿದ್ಯುತ್ ಹೋದರೆ ಯಂತ್ರದ ಮುಚ್ಚಳ ತೆರೆಯದೆ, ಗಾಳಿರಂಧ್ರ ಬಿಟ್ಟು ಕಂಬಳಿ ಹೊದಿಸಿ.

ಇನ್ನು ಗುಡುಗಿಗೆ ಕಾವಿನ ಮೊಟ್ಟೆ ಕೆಡುತ್ತದೆ, ಕಬ್ಬಿಣ ಅದನ್ನು ತಡೆಯುತ್ತದೆ ಎಂಬ ನಂಬಿಕೆಯ ಮಾತು. ನಮ್ಮ ಅತ್ತೆ ಪತ್ತನಾಜೆಯ (ಮೇ ಕೊನೆಯ) ಹೊತ್ತಿನ ಮಳೆಗೆ ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡುತ್ತಿದ್ದರು. "ಇಟ್ಟರೆ ನಷ್ಟವೇನು ಮಗಾ, ನಮ್ಮ ಅಮ್ಮನೂ ಇಡುತ್ತಿದ್ದರು" ಎನ್ನುತ್ತಿದ್ದರು. ನಾನು ತೆಗೆಯಲಿಲ್ಲ. ಆದರೆ ಗುಡುಗಿನ ರಾತ್ರಿ ನಾನು ನೋಡುವುದು ಬೇರೆ. ಹೇಂಟೆ ಬೆದರಿ ಎದ್ದಿದೆಯೇ, ಹೆಂಚಿನ ಸಂದಿನಿಂದ ನೀರು ಗೂಡಿಗೆ ಸೋರುತ್ತಿದೆಯೇ. ಮೊಟ್ಟೆ ಕೆಡುವುದು ಆ ಎರಡರಿಂದ.

ಕೊನೆಯ ಮೂರು ದಿನ

18ನೆಯ ದಿನದ ನಂತರ ಗೂಡಿಗೆ ಕೈ ಹಾಕಬೇಡಿ. 17ನೆಯ ದಿನದ ಹೊತ್ತಿಗೆ ಮರಿಯ ಕೊಕ್ಕು ಗಾಳಿಕೋಣೆಯ ಕಡೆಗೆ ತಿರುಗಿರುತ್ತದೆ. 19ನೆಯ ದಿನ ಉಳಿದ ಹಳದಿ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರಲು ತೊಡಗುತ್ತದೆ. 20ನೆಯ ದಿನ ಕೊಕ್ಕು ಪೊರೆಯನ್ನು ತೂತು ಮಾಡಿ ಗಾಳಿಕೋಣೆಗೆ ನುಗ್ಗುತ್ತದೆ, ಶ್ವಾಸಕೋಶ ಮೊದಲ ಬಾರಿ ಗಾಳಿ ಕಾಣುತ್ತದೆ. ಆಗ ಮೊಟ್ಟೆಗೆ ಕಿವಿಗೊಟ್ಟರೆ ಒಳಗಿನ ಚಿಂವ್ ಚಿಂವ್ ಕೇಳುತ್ತದೆ, ಹೇಂಟೆಯೂ ತಗ್ಗುದನಿಯಲ್ಲಿ ಉತ್ತರಿಸುತ್ತದೆ. ಆಮೇಲೆ ಮೇಲ್ಕೊಕ್ಕಿನ ತುದಿಯ ಗಟ್ಟಿ ಮುಳ್ಳಿನಿಂದ ಚಿಪ್ಪಿಗೆ ಮೊದಲ ಬಿರುಕು.

ಮೊದಲ ಬಿರುಕಿನಿಂದ ಹೊರಬರುವ ತನಕ 12ರಿಂದ 24 ಗಂಟೆ ಬೇಕು. ಈ ಹೊತ್ತಿನಲ್ಲಿ ಮರಿ ಸುಮ್ಮನೆ ಬಿದ್ದಿದೆ ಎನಿಸುತ್ತದೆ. ಐದು ವರ್ಷದ ಹಿಂದೆ ನನಗೂ ಹಾಗೇ ಅನಿಸಿತು. ಬೆಳಿಗ್ಗೆ ಬಿರುಕು ಬಿಟ್ಟ ಮೊಟ್ಟೆ ಮಧ್ಯಾಹ್ನವಾದರೂ ಹಾಗೆಯೇ ಇತ್ತು. ಮಗಳು ಪಕ್ಕದಲ್ಲಿ ಕುಳಿತು "ಅಮ್ಮ, ಪಾಪ, ಸಹಾಯ ಮಾಡು" ಎಂದಳು. ಉಗುರಿನಿಂದ ಚಿಪ್ಪಿನ ಎರಡು ಚೂರು ಎಬ್ಬಿಸಿದೆ. ಮೂರನೆಯ ಚೂರಿನ ಜೊತೆ ಪೊರೆ ಹರಿದು, ದಾರದಷ್ಟು ತೆಳುವಾಗಿ ರಕ್ತ ಹರಿಯಿತು. ಒತ್ತಿ ಹಿಡಿದೆ, ನಿಲ್ಲಲಿಲ್ಲ. ಮರಿ ಅರ್ಧ ಗಂಟೆಯಲ್ಲಿ ಸತ್ತಿತು. ಹೊಟ್ಟೆಯ ಹೊರಗೆ ಬಟಾಣಿಯಷ್ಟು ಹಳದಿ ಇನ್ನೂ ಉಳಿದಿತ್ತು. ಮರಿ ಸುಮ್ಮನಿದ್ದ ಆ ಹೊತ್ತು ವಿಶ್ರಾಂತಿಯದ್ದಲ್ಲ. ಪೊರೆಯ ನರಗಳಲ್ಲಿದ್ದ ರಕ್ತವನ್ನು ಮೈಯೊಳಗೆ ಎಳೆದುಕೊಳ್ಳುವ, ಹಳದಿಯನ್ನು ಪೂರ್ತಿ ನುಂಗುವ ಹೊತ್ತು. ಇದು ಮುಗಿದ ಮೇಲೆಯೇ ಮರಿ ಮೊಟ್ಟೆಯೊಳಗೆ ನಿಧಾನವಾಗಿ ಸುತ್ತುತ್ತಾ ಚಿಪ್ಪನ್ನು ಮುಚ್ಚಳದಂತೆ ಕತ್ತರಿಸುತ್ತದೆ. ಬಿರುಕು ಬಿಟ್ಟು 24 ಗಂಟೆ ಕಳೆಯದೆ ಯಾವ ಮೊಟ್ಟೆಯನ್ನೂ ಮುಟ್ಟಬೇಡಿ. ಆಮೇಲೂ ಪೊರೆಯಲ್ಲಿ ಕೆಂಪು ನರ ಕಂಡರೆ ಕೈ ತೆಗೆಯಿರಿ.

ಎಲ್ಲ ಒಡೆದ ಮೇಲೆ ಒಂದು ಚಿಪ್ಪನ್ನು ಬೆಳಕಿಗೆ ಹಿಡಿದು ಮಕ್ಕಳಿಗೆ ತೋರಿಸಿ. ಒಳಮೈಯ ಪೊರೆಯಲ್ಲಿ ಬತ್ತಿದ ನರಗಳ ಅಚ್ಚು ಇರುತ್ತದೆ, ಜೊತೆಗೆ 21 ದಿನಗಳ ಮೂತ್ರದ ಕಸ ಬಿಳಿಯಾಗಿ ಮೆತ್ತಿಕೊಂಡಿರುತ್ತದೆ.

ಮರಿಗಳ ಮೊದಲ ವಾರಗಳು

ಮೊದಲ ದಿನ ಏನನ್ನೂ ತಿನ್ನಿಸಬೇಕಿಲ್ಲ. ಹೊಟ್ಟೆಗೆ ಸೇರಿದ ಹಳದಿ ಎರಡು, ಮೂರು ದಿನ ಸಾಕಾಗುತ್ತದೆ. ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿ ದೂರದೂರಿಗೆ ಕಳುಹಿಸಲು ಆಗುವುದು ಇದರಿಂದಲೇ. ಹೊಕ್ಕುಳು ಒಣಗಿ ಮುಚ್ಚಿದೆಯೇ ಎಂದು ಮಾತ್ರ ನೋಡಿ. ಒದ್ದೆಯಾಗಿ ಕೆಂಪಾಗಿದ್ದರೆ ಆ ಮರಿಯನ್ನು ಶುಚಿಯಾದ ಒಣ ಜಾಗದಲ್ಲಿ ಬೇರೆ ಇಡಿ.

ನೀರನ್ನು ಮುಳುಗದಷ್ಟು ತೆಳುವಾದ ತಟ್ಟೆಯಲ್ಲಿ, ನಡುವೆ ಬೆಣಚುಕಲ್ಲು ಹಾಕಿ ಇಡಿ. ನುಚ್ಚಕ್ಕಿ ಒಂದೇ ಸಾಲದು, ಮೊದಲ ವಾರಗಳಲ್ಲಿ ಮರಿಗೆ ಸಸಾರಜನಕ ಹೆಚ್ಚು ಬೇಕು. ಅಂಗಡಿಯ ಮರಿ ಆಹಾರ ಕೊಡಬಹುದು, ಇಲ್ಲವೇ ತೋಟದ ಗೆದ್ದಲಿನ ಹುತ್ತದ ಚೂರನ್ನು ಒಡೆದು ಮುಂದಿಟ್ಟರೆ ತಾಯಿ ಕರೆದು ಕರೆದು ತಿನ್ನಿಸುತ್ತದೆ. ಹತ್ತು ದಿನ ತಾಯಿಯ ಜೊತೆ ದೊಡ್ಡ ಬುಟ್ಟಿಯಡಿ ಇರಲಿ. ಗಿಡುಗ, ಕೆಂಬೂತ, ಕಾಗೆಗಳ ಕಣ್ಣು ಅಂಗಳದ ಮೇಲೆಯೇ ಇರುತ್ತದೆ.

5ರಿಂದ 7ನೆಯ ದಿನದೊಳಗೆ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ ಲಸಿಕೆಯ ಹನಿ ಹಾಕಿಸಿ. ಹನ್ನೊಂದು ಮರಿಗಳಿಗೆಂದು ಒಂದು ಸೀಸೆ ಒಡೆದರೆ ಉಳಿದದ್ದೆಲ್ಲ ವ್ಯರ್ಥ. ನೆರೆಕರೆಯವರೆಲ್ಲ ಸೇರಿ ಒಂದೇ ವಾರ ಕಾವಿಗೆ ಕೂರಿಸುವ ರೂಢಿ ಮಾಡಿಕೊಂಡರೆ ಲಸಿಕೆಯೂ ಒಟ್ಟಿಗೆ ಆಗುತ್ತದೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಮುಂಚಿತವಾಗಿ ಕೇಳಿಡಿ. ಕೋಳಿ ಸಾಕಣೆಯ ಬಗ್ಗೆ ವಿಚಾರಿಸಲು ಬ್ರಹ್ಮಾವರದಲ್ಲೂ ಮಂಗಳೂರಿನ ಕಂಕನಾಡಿಯಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಿವೆ.

ಮರಿಗಳ ಕಾಲು ಹಳದಿಯಾಗುತ್ತಾ ಬಂದಾಗ ಒಂದು ವಿಷಯ ನೆನಪಿಸಿಕೊಳ್ಳಿ. ನಾಡಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಆದರೆ ಹಳದಿ ಚರ್ಮದ ವಂಶವಾಹಿ ನಮ್ಮ ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೆಬ್ರಿಯ ಕಡೆಯ ಕಾಡಿನಲ್ಲಿ ಬೆಳಗಿನ ಜಾವ ಕೂಗುವುದು ಅದೇ ಕೋಳಿ.

ಆರರಿಂದ ಎಂಟು ವಾರ ಕಳೆಯುವಾಗ ತಾಯಿ ಒಂದು ದಿನ ಇದ್ದಕ್ಕಿದ್ದಂತೆ ಮರಿಗಳನ್ನು ಕುಟುಕಿ ಓಡಿಸಲು ತೊಡಗುತ್ತದೆ. ಗಾಬರಿಯಾಗಬೇಡಿ, ಮರಿಗಳನ್ನು ಬೇರೆ ಗೂಡಿಗೆ ಹಾಕಿ. ಹೇಂಟೆಯ ಬಾಡಿದ ಜುಟ್ಟು ಮತ್ತೆ ಕೆಂಪೇರುತ್ತಿರುತ್ತದೆ, ಹೊಟ್ಟೆಯಡಿ ಪುಕ್ಕ ಮೂಡುತ್ತಿರುತ್ತದೆ. ಮರುವಾಯಿ ಚಿಪ್ಪಿನ ಗೆರಟೆಯನ್ನು ಮತ್ತೆ ತುಂಬಿಸಿಡಿ.